ಹೆದರಿಕೆ ತೆಗೆದು ಕೇಳಿ

ಶಂಖಬಂದರಿನ ಮುಕುಂದ ಧಣಿಯ ಮನೆಯಲ್ಲಿ ಆಳುಗಳನ್ನು ಹೊಡೆಯುವ ಪದ್ಧತಿ ಇರಲಿಲ್ಲ. ಊರಿಗೆ ಊರೇ ಈ ಮಾತು ಹೇಳುತ್ತಿತ್ತು. "ದುಡಿದರೆ ಅಂಥ ಮನೆಯಲ್ಲಿ ದುಡಿಯಬೇಕು. ಹೊಟ್ಟೆ ತುಂಬ ಊಟ, ಹಬ್ಬಕ್ಕೆ ಬಟ್ಟೆ, ಜ್ವರ ಬಂದರೆ ಕಷಾಯ. ಇನ್ನೇನು ಬೇಕು?" ಎನ್ನುತ್ತಿದ್ದರು ಜನ.

ಇನ್ನೇನು ಬೇಕು ಎಂದು ಆ ಆಳುಗಳನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಅದು ಕಡಲಾಚೆಯಿಂದ ಹಾಯಿಹಡಗುಗಳು ಬರುತ್ತಿದ್ದ ಕಾಲ. ಹಡಗಿನಲ್ಲಿ ಕುದುರೆ ಬರುತ್ತಿತ್ತು, ಖರ್ಜೂರ ಬರುತ್ತಿತ್ತು, ಗಾಜಿನ ಮಣಿ ಬರುತ್ತಿತ್ತು. ಮನುಷ್ಯರೂ ಬರುತ್ತಿದ್ದರು. ಬಂದರಿನಲ್ಲಿ ಅವರನ್ನು ಸಾಲಾಗಿ ನಿಲ್ಲಿಸಿ, ಬಾಯಿ ತೆರೆಸಿ ಹಲ್ಲು ನೋಡಿ, ಕೊಳ್ಳುವವರು ಕೊಳ್ಳುತ್ತಿದ್ದರು. ಹಾಗೆ ಬಂದವರಲ್ಲಿ ಒಬ್ಬಳು ಪುಟ್ಟ ಹುಡುಗಿ. ಅವಳಿಗೆ ತನ್ನ ಊರು ಯಾವುದೆಂದು ಹೇಳಲು ಬರುತ್ತಿರಲಿಲ್ಲ. ಹಡಗಿನವರು ಅವಳನ್ನು ಲುವೀಜಾ ಎಂದು ಕರೆದರು. ಅದೇ ಹೆಸರಾಯಿತು.

ಮುಕುಂದ ಧಣಿಯ ಮನೆಯಲ್ಲಿ ಲುವೀಜಾಳನ್ನು ಬೆಳೆಸಿದವನು ಪೇದ್ರು. ಅವನೂ ಹಾಗೆಯೇ ಹಡಗಿನಲ್ಲಿ ಬಂದವನು, ಧಣಿಗೆ ಕೊಡೆ ಹಿಡಿಯುವವನು. ಅವಳಿಗೆ ಈ ನಾಡಿನ ಮಾತು ಕಲಿಸಿದವನು ಅವನೇ. ತಲೆಯ ಮೇಲೆ ಕೊಡ ಹೊತ್ತು ನೀರು ತುಳುಕದಂತೆ ನಡೆಯಲು ಕಲಿಸಿದವನೂ ಅವನೇ. ಅವಳು ಅವನನ್ನು ಅಜ್ಜ ಎನ್ನುತ್ತಿದ್ದಳು.

ಲುವೀಜಾ ಬೆಳೆದು ದೊಡ್ಡವಳಾದಳು. ಧಣಿಯ ಮಗಳ ಮದುವೆ ಗೊತ್ತಾಯಿತು. ಒಂದು ಬೆಳಗ್ಗೆ ಲುವೀಜಾ ಒಳಮನೆಯಲ್ಲಿ ಮೆಣಸು ಅರೆಯುತ್ತಿದ್ದಾಗ, ಪಡಸಾಲೆಯಲ್ಲಿ ಧಣಿಯ ಹೆಂಡತಿ ಬೀಗರ ಕಡೆಯವರಿಗೆ ಬಳುವಳಿಯ ಮಾತು ಹೇಳುತ್ತಿದ್ದುದು ಕಿವಿಗೆ ಬಿತ್ತು.

"ತೂಗುಮಂಚ ಕೊಡ್ತೇವೆ. ಕರೆಯೋ ಎಮ್ಮೆ ಎರಡು. ಲುವೀಜಾ. ಆಮೇಲೆ ಆ ದೊಡ್ಡ ತಾಮ್ರದ ಹಂಡೆ."

ಲುವೀಜಾಳ ಕೈ ನಿಂತಿತು. ತನ್ನ ಹೆಸರು ಎಮ್ಮೆಗಳ ನಂತರ, ಹಂಡೆಗಿಂತ ಮುಂಚೆ.

ಸ್ವಲ್ಪ ಹೊತ್ತಿಗೆ ಅಮ್ಮನವರು ಒಳಗೆ ಬಂದು ಪ್ರೀತಿಯಿಂದಲೇ ಹೇಳಿದರು: "ನಿನಗೂ ಹೊಸ ಸೀರೆ ತೆಗೆಸಿದ್ದೇನೆ ಕಣೇ. ಬೀಗರ ಮನೆಗೆ ಹೋಗುವಾಗ ಲಕ್ಷಣವಾಗಿ ಕಾಣಬೇಕಲ್ಲ." ಹಿತ್ತಿಲಲ್ಲಿ ಯಾರೋ ಹಂಡೆಗೆ ಹುಣಿಸೆಹಣ್ಣು ಹಾಕಿ ತಿಕ್ಕುತ್ತಿದ್ದರು. ಅದು ಥಳಥಳ ಹೊಳೆಯುತ್ತಿತ್ತು. ಹಂಡೆಗೆ ಹುಣಿಸೆಹಣ್ಣು, ತನಗೆ ಹೊಸ ಸೀರೆ. ಎರಡೂ ಒಂದೇ ಎಂದು ಲುವೀಜಾಳಿಗೆ ಅವತ್ತು ಹೊಳೆಯಿತು.

ಮದುವೆಯ ದಿನ ನಡುಮಧ್ಯಾಹ್ನ, ಇಡೀ ಬಂದರು ಎಲೆಯ ಮುಂದೆ ಕೂತಿದ್ದಾಗ, ಅವಳು ಪೇದ್ರುವಿನ ಬಳಿ ಹೋದಳು.

"ಅಜ್ಜ, ಘಟ್ಟದ ಮೇಲೆ ಕಾಡಿನಲ್ಲಿ ನಮ್ಮವರ ಕೇರಿ ಇದೆಯಂತೆ. ಓಡಿಹೋದವರೆಲ್ಲ ಅಲ್ಲಿದ್ದಾರಂತೆ. ಬಾ, ಹೋಗೋಣ."

ಪೇದ್ರು ಅವಳ ತಲೆ ನೇವರಿಸಿದ. "ನನ್ನ ಕಾಲು ಘಟ್ಟ ಹತ್ತೋದಿಲ್ಲ ಮಗಳೇ. ನೀನು ಹೋಗು. ಯಾರಾದರೂ ಕೇಳಿದರೆ ನೀರಿಗೆ ಹೋಗಿದ್ದಾಳೆ ಅಂತೀನಿ."

ಲುವೀಜಾ ಖಾಲಿ ಕೊಡ ಹೊತ್ತು ಬಾವಿಯ ಕಡೆ ಹೊರಟಳು. ಬಾವಿ ದಾಟಿದಳು. ಊರು ದಾಟಿದ ಮೇಲೆ ಕೊಡವನ್ನು ಒಂದು ಮರದ ಬುಡದಲ್ಲಿಟ್ಟು ಓಡಿದಳು.

ಕಾಡಿನೊಳಗಿನ ಆ ಕೇರಿಯನ್ನು ಸಿದ್ದಿಗಳ ಕೇರಿ ಎನ್ನುತ್ತಿದ್ದರು. ತಲೆಮಾರುಗಳಿಂದ ತಪ್ಪಿಸಿಕೊಂಡು ಬಂದವರು ಅಲ್ಲಿ ಗುಡಿಸಲು ಕಟ್ಟಿ, ಜೇನು ಕಿತ್ತು, ರಾಗಿ ಬಿತ್ತಿ ಬದುಕಿದ್ದರು. ಕೇರಿಯ ಹಿರಿಯಳು ಆನಮರಿ ಎಂಬ ಮುದುಕಿ. ಅವಳು ಲುವೀಜಾಳಿಗೆ ಗಂಜಿ ಕೊಟ್ಟಳು, ಮಲಗಲು ಚಾಪೆ ಕೊಟ್ಟಳು. ಬೆಳಗಾಯಿತು. ಯಾರೂ ಅವಳಿಗೆ ಕೆಲಸ ಹೇಳಲಿಲ್ಲ. ಬಿಸಿಲೇರಿದರೂ ಯಾರೂ ಕರೆಯಲಿಲ್ಲ. ಲುವೀಜಾಳಿಗೆ ಗಾಬರಿಯಾಯಿತು.

"ಅಜ್ಜಿ, ಈಗ ನಾನೇನು ಮಾಡಲಿ?" ಎಂದು ಕೇಳಿದಳು.

ಆನಮರಿ ಬೊಚ್ಚುಬಾಯಿ ಬಿಟ್ಟು ನಕ್ಕಳು. "ಅದನ್ನ ನೀನು ಹೇಳಬೇಕು ತಾಯಿ. ನಿನಗೇನು ಮಾಡಬೇಕು ಅನಿಸುತ್ತೆ?"

ಆ ಪ್ರಶ್ನೆಯನ್ನು ಲುವೀಜಾಳಿಗೆ ಹುಟ್ಟಿದಾಗಿನಿಂದ ಯಾರೂ ಕೇಳಿರಲಿಲ್ಲ. ಅವಳು ನೆಲದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಅತ್ತು ಮುಗಿದ ಮೇಲೆ, "ಹೊಳೆಯಲ್ಲಿ ಈಜಬೇಕು" ಎಂದಳು. ಹೋಗಿ ಈಜಿದಳು.

ಅಲ್ಲಿಯೇ ಸುಖವಾಗಿ ಇದ್ದುಬಿಡಬಹುದಿತ್ತು. ಆದರೆ ಊಟಕ್ಕೆ ಕೂತಾಗಲೆಲ್ಲ ಅವಳಿಗೆ ಕೆಳಗೆ ಉಳಿದವರ ನೆನಪಾಗುತ್ತಿತ್ತು. ತಾನೊಬ್ಬಳು ಬಾವಿಯಿಂದ ಮೇಲೆ ಬಂದು, ಒಳಗೆ ಬಿದ್ದವರ ಕೂಗು ಕೇಳಿಸದ ಹಾಗೆ ಬಾವಿಯ ಬಾಯಿಗೆ ಕಲ್ಲು ಮುಚ್ಚಿದಂತೆ ಅನಿಸುತ್ತಿತ್ತು. ಅವಳು ಘಟ್ಟದ ದಾರಿಯಲ್ಲಿ ನಿಂತು, ಓಡಿ ಬಂದವರಿಗೆ ಕೇರಿಯ ದಾರಿ ತೋರಿಸತೊಡಗಿದಳು. ಆಮೇಲೆ ಧೈರ್ಯ ಹೆಚ್ಚಿತು. ಘಟ್ಟದ ಮೇಲಿನ ಹುಲಿಗದ್ದೆ ಸೀಮೆಯ ಸಂತೆಗಳಿಗೆ ಹೋಗಿ, ಮೆಣಸಿನ ಚೀಲಗಳ ನಡುವೆ ನಿಂತು, ಎಲ್ಲರಿಗೂ ಕೇಳುವಂತೆ ಮಾತಾಡತೊಡಗಿದಳು.

"ಹಸು ಕದ್ದರೆ ಕಳ್ಳ ಅಂತೀರಿ. ತೆಂಗಿನಕಾಯಿ ಕದ್ದರೆ ಕಂಬಕ್ಕೆ ಕಟ್ಟುತ್ತೀರಿ. ಮನುಷ್ಯನನ್ನೇ ಕದ್ದವನಿಗೆ ಏನಂತೀರಿ? ಸಾಹುಕಾರ ಅಂತೀರಿ!"

ಕೆಲವರು ನಕ್ಕರು. ಕೆಲವರು ಅಡಿಕೆ ಸಿಪ್ಪೆ ಎಸೆದರು. ಕೆಲವರು ತಲೆ ತಗ್ಗಿಸಿ ನಿಂತು ಕೇಳಿದರು. ಲುವೀಜಾ ಯಾವ ಸಂತೆಯನ್ನೂ ತಪ್ಪಿಸಲಿಲ್ಲ. ವರ್ಷಗಳು ಉರುಳಿದವು. ಬಂದರಿನ ಮನೆಗಳಿಂದ ಒಬ್ಬೊಬ್ಬರೇ ಆಳುಗಳು ಕಾಣೆಯಾಗುತ್ತ ಬಂದರು. ಕಾಡಿನ ಕೇರಿ ಬೆಳೆಯುತ್ತ ಬಂತು.

ಕೊನೆಗೆ ಮುಕುಂದ ಧಣಿ ಪಲ್ಲಕ್ಕಿ ಏರಿ ಘಟ್ಟ ಹತ್ತಿ ಬಂದ.

ಹುಲಿಗದ್ದೆ ಸೀಮೆಯನ್ನು ಆಳುತ್ತಿದ್ದವನು ಹಾಲಪ್ಪ ನಾಯಕ. ವಯಸ್ಸು ಚಿಕ್ಕದು, ನ್ಯಾಯವಂತ ಎಂದು ಹೆಸರು. ಆ ಹೆಸರು ಅವನಿಗೆ ಬಲು ಇಷ್ಟ. ಧಣಿ ಅವನಿಗೆ ಪಟ್ಟೆ ವಸ್ತ್ರ, ನಿಲುವುಗನ್ನಡಿ, ಒಂದು ಬಿಳಿ ಕುದುರೆ ಕಾಣಿಕೆ ಕೊಟ್ಟು ಕೈ ಮುಗಿದ.

"ದೊರೆಗಳೇ, ನಿಮ್ಮ ಸೀಮೆಯ ಮೆಣಸನ್ನೆಲ್ಲ ನಾನೇ ಕೊಂಡು ಹಡಗಿಗೆ ಹಾಕುತ್ತೇನೆ. ನಮ್ಮ ನಿಮ್ಮ ಸ್ನೇಹ ಹಳೆಯದು. ತಪ್ಪಿಸಿಕೊಂಡ ದನವನ್ನು ಒಡೆಯನ ಕೊಟ್ಟಿಗೆಗೆ ಹೊಡೆಯುವುದು ಎರಡೂ ಸೀಮೆಯ ರೂಢಿ. ನನ್ನ ಆಳುಗಳು ನಿಮ್ಮ ಕಾಡಿನಲ್ಲಿದ್ದಾರೆ. ಹಿಡಿಸಿ ಕೊಡಬೇಕು."

ನಾಯಕ ಕೇರಿಯವರನ್ನೆಲ್ಲ ಚಾವಡಿಗೆ ಬರಹೇಳಿದ.

ಸುದ್ದಿ ಬಂದಾಗ ಕೇರಿಯಲ್ಲಿ ಒಲೆಗಳು ಆರಿದವು. ಗಂಟು ಮೂಟೆ ಕಟ್ಟಿ ಇನ್ನೂ ದಟ್ಟ ಕಾಡಿಗೆ ಓಡೋಣ ಎಂದರು ಹಲವರು. ಲುವೀಜಾ ಒಪ್ಪಲಿಲ್ಲ.

"ಎಲ್ಲಿಯವರೆಗೆ ಓಡೋದು? ಕಾಡಿಗೂ ಒಂದು ಕೊನೆ ಇದೆ. ಬೆನ್ನು ತೋರಿಸಿದರೆ ನಾವು ತಪ್ಪಿಸಿಕೊಂಡ ದನ ಅನ್ನೋದು ನಿಜವಾಗುತ್ತೆ. ಹೋಗೋಣ. ನಿಂತು ಮಾತಾಡೋಣ."

ಆನಮರಿ ಕೋಲು ಊರಿ ಎದ್ದಳು. "ನಡಿ ಮಗಳೇ, ನಾನೂ ಬರ್ತೀನಿ." ಮುದುಕಿ ಎದ್ದ ಮೇಲೆ ಯಾರೂ ಕೂರಲಿಲ್ಲ. ಹೆಂಗಸರು ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡರು. ಗಂಡಸರು ತಮ್ಮ ದೊಡ್ಡ ಡಮಾಮಿ ಡೋಲನ್ನೂ ಹೊತ್ತುಕೊಂಡರು. ಸತ್ತರೂ ಬದುಕಿದರೂ ಡೋಲು ತಮ್ಮೊಂದಿಗಿರಬೇಕೆಂಬುದು ಅವರ ಕಟ್ಟಳೆ.

ಚಾವಡಿಯಲ್ಲಿ ಲುವೀಜಾ ಮೊದಲು ಕಂಡದ್ದು ಧಣಿಯನ್ನಲ್ಲ, ಅವನ ಹಿಂದೆ ಕೊಡೆ ಹಿಡಿದು ನಿಂತಿದ್ದ ಪೇದ್ರುವನ್ನು. ಅಜ್ಜ ಬಾಗಿಹೋಗಿದ್ದ. ಘಟ್ಟ ಹತ್ತಲಾರೆನೆಂದಿದ್ದ ಕಾಲುಗಳು ಧಣಿಗಾಗಿ ಘಟ್ಟ ಹತ್ತಿ ಬಂದು ಬಾತುಕೊಂಡಿದ್ದವು. ಅವನು ಅವಳನ್ನು ನೋಡಿ, ಕೂಡಲೇ ನೆಲ ನೋಡಿದ.

ಆಗ ಧಣಿಯ ಧ್ವನಿ ಕೇಳಿಸಿತು. "ಏನಮ್ಮಾ ಲುವೀಜಾ, ಸೊರಗಿಹೋಗಿದ್ದೀಯಲ್ಲ! ಹೊತ್ತು ಹೊತ್ತಿಗೆ ಊಟ ಮಾಡ್ತೀಯೋ ಇಲ್ಲವೋ?"

ಎಂಥ ಮೆತ್ತಗಿನ ಧ್ವನಿ! ಅದು ಕಿವಿಗೆ ಬಿದ್ದದ್ದೇ ತಡ, ಲುವೀಜಾಳ ಮಂಡಿಗಳು ತಾವಾಗಿಯೇ ಬಗ್ಗಿದವು. "ಇದೇನು, ನನ್ನ ಕಾಲೇ ನನ್ನ ಮಾತು ಕೇಳುತ್ತಿಲ್ಲವಲ್ಲ!" ಎಂದು ಅವಳಿಗೆ ನಾಚಿಕೆಯಾಯಿತು. ಅವಳು ಆನಮರಿಯ ಕೋಲನ್ನು ಒಂದು ಕೈಯಲ್ಲಿ ಹಿಡಿದು ನೆಟ್ಟಗೆ ನಿಂತಳು.

ಧಣಿ ನಾಯಕನ ಕಡೆ ತಿರುಗಿದ. "ಮಗಳ ಹಾಗೆ ಸಾಕಿದ ಹುಡುಗಿ ದೊರೆಗಳೇ. ಇವಳ ಮೇಲೆ ನನಗೆ ಕೋಪವಿಲ್ಲ. ಈ ಚಾವಡಿಯಲ್ಲಿ ಎಲ್ಲರ ಎದುರು ಹೇಳುತ್ತೇನೆ, ಲುವೀಜಾಳಿಗೆ ನಾನು ಬಿಡುಗಡೆ ಕೊಡುತ್ತೇನೆ. ಎಲ್ಲಿ ಬೇಕಾದರೂ ಇರಲಿ. ಅವಳು ಸುಮ್ಮನೆ ಪಕ್ಕಕ್ಕೆ ಸರಿದು ನಿಂತರೆ ಸಾಕು. ಉಳಿದವರನ್ನು ನಾನು ಕರೆದುಕೊಂಡು ಹೋಗುತ್ತೇನೆ."

ಚಾವಡಿಯಲ್ಲಿದ್ದವರು ತಲೆದೂಗಿದರು. ಎಂಥ ದೊಡ್ಡ ಮನಸ್ಸು!

ಲುವೀಜಾ ನಿಧಾನವಾಗಿ ಕೇಳಿದಳು: "ಧಣಿಗಳೇ, ನನ್ನ ಬಿಡುಗಡೆಯನ್ನು ಕೊಡೋದಕ್ಕೆ ಅದು ನಿಮಗೆ ಎಲ್ಲಿಂದ ಬಂತು? ನಾನು ಹುಟ್ಟುವಾಗ ನನ್ನ ಜೊತೆಯೇ ಹುಟ್ಟಿತ್ತು. ಅದನ್ನ ನೀವು ಕದ್ದವರ ಹತ್ತಿರ ಕೊಂಡಿರಿ. ಕದ್ದ ಮಾಲನ್ನು ವಾಪಸು ಕೊಡೋದು ದಾನ ಅಲ್ಲ. ಇನ್ನು ಇವರನ್ನೆಲ್ಲ ಬಿಟ್ಟುಕೊಟ್ಟು ನಾನೊಬ್ಬಳು ಉಳಿದರೆ, ಅದೂ ಒಂದು ವ್ಯಾಪಾರವೇ. ಮನುಷ್ಯರನ್ನ ಮಾರೋ ವ್ಯಾಪಾರ ನನಗೆ ಬೇಡ."

ಧಣಿಗೆ ನಿಜವಾಗಿಯೂ ನೋವಾಯಿತು. ತಾನು ಒಳ್ಳೆಯವನೆಂಬ ನಂಬಿಕೆ ಅವನಿಗೆ ಅಷ್ಟಿತ್ತು. "ನಾನು ಯಾರನ್ನಾದರೂ ಹೊಡೆದಿದ್ದೇನೆಯೇ? ಉಪವಾಸ ಕೆಡವಿದ್ದೇನೆಯೇ? ದೊರೆಗಳೇ, ನನ್ನ ಪಲ್ಲಕ್ಕಿ ಹೊತ್ತು ಬಂದವರು ಇಲ್ಲೇ ಇದ್ದಾರೆ. ಅವರೂ ಆಳುಗಳೇ. ಸುಖವಾಗಿದ್ದಾರೋ ಇಲ್ಲವೋ, ನೀವೇ ಕೇಳಿ ನೋಡಿ."

ನಾಯಕ ಪಲ್ಲಕ್ಕಿಯವರನ್ನು ಕರೆದು ಕೇಳಿದ. ಒಬ್ಬೊಬ್ಬರೂ ಕೈ ಕಟ್ಟಿ, ತಲೆ ತಗ್ಗಿಸಿ ಅದೇ ಮಾತು ಹೇಳಿದರು: "ನಮಗೇನೂ ಕಡಿಮೆಯಿಲ್ಲ. ಸುಖವಾಗಿದ್ದೇವೆ."

ಪೇದ್ರುವೂ ಅದನ್ನೇ ಹೇಳಿದ.

"ಕೇಳಿದಿರಲ್ಲ!" ಎಂದ ಧಣಿ.

"ಇನ್ನೊಂದು ಸಲ ಕೇಳಿ ದೊರೆಗಳೇ," ಎಂದಳು ಲುವೀಜಾ. "ಬೆನ್ನ ಹಿಂದೆ ಒಡೆಯ ನಿಂತಿದ್ದಾಗ ಹೇಳಿದ್ದು ಒಡೆಯನ ಉತ್ತರ, ಅವರದಲ್ಲ. ಧಣಿಯ ಮನೆಯಲ್ಲಿ ಹೊಡೆಯೋದಿಲ್ಲ, ಸರಿ. ಆದರೆ ಎದುರು ಮಾತಾಡಿದವರನ್ನು ಹಡಗಿಗೆ ಮಾರುತ್ತಾರೆ. ಬೆತ್ತ ಯಾಕೆ ಬೇಕು? ಕಡಲು ಸಾಕು. ಮೊದಲು ಇವರ ಹೆದರಿಕೆ ತೆಗೆಯಿರಿ. ಏನೇ ಹೇಳಿದರೂ ಯಾರೂ ಏನೂ ಮಾಡುವುದಿಲ್ಲ, ಬೇಕಾದರೆ ಇವತ್ತೇ ಕಾಡಿನ ದಾರಿ ಹಿಡಿಯಬಹುದು, ಯಾರೂ ಹಿಂದೆ ಬರುವುದಿಲ್ಲ ಅಂತ ಮಾತು ಕೊಡಿ. ಆಮೇಲೆ ಕೇಳಿ."

ನಾಯಕ ಯೋಚಿಸಿದ. ನ್ಯಾಯದ ಮಾತು ಎನಿಸಿತು. ಎದ್ದು ನಿಂತು, ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಹೇಳಿದ:

"ಹೆದರಿ ಹೇಳಿದ ಉತ್ತರ ಉತ್ತರವೇ ಅಲ್ಲ. ಇದು ಈ ಚಾವಡಿಯ ನ್ಯಾಯ. ಕೇಳಿರಪ್ಪಾ, ನೀವು ಏನು ಹೇಳಿದರೂ ನನ್ನ ಕತ್ತಿ ನಿಮ್ಮ ರಕ್ಷಣೆಗಿರುತ್ತದೆ. ಹೋಗಬೇಕೆನಿಸಿದವರು ಹೋಗಬಹುದು. ಈಗ ಹೇಳಿ."

ಯಾರೂ ಅಲುಗಲಿಲ್ಲ. ಚಾವಡಿಯ ಸೂರಿನ ಮೇಲೆ ಪಾರಿವಾಳ ಗುಟುರು ಹಾಕುವುದು ಮಾತ್ರ ಕೇಳುತ್ತಿತ್ತು.

ಧಣಿ ಮುಗುಳುನಗತೊಡಗಿದ.

ಅಷ್ಟರಲ್ಲಿ ಪೇದ್ರು ಕೊಡೆಯನ್ನು ಮಡಚಿದ. ನಿಧಾನವಾಗಿ ಬಗ್ಗಿ ಅದನ್ನು ನೆಲದ ಮೇಲಿಟ್ಟ. ಕೈಗೆ ಏನೂ ಇಲ್ಲದೆ ನಿಲ್ಲುವುದು ಅವನಿಗೆ ಅಭ್ಯಾಸವಿರಲಿಲ್ಲ. ಎರಡೂ ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ ಎದೆಗೆ ಒತ್ತಿಕೊಂಡ.

"ಧಣಿ ನನಗೆ ಒಂದೇ ಒಂದು ಏಟು ಹಾಕಿಲ್ಲ ದೊರೆಗಳೇ," ಎಂದ. "ನನ್ನ ಮಗಳನ್ನ ಮಾರಿದ ದಿನ ಕೂಡ ಹಾಕಲಿಲ್ಲ. ಹೆಗಲ ಮೇಲೆ ಕೈಯಿಟ್ಟು, 'ಅಳಬೇಡ ಪೇದ್ರು, ಒಳ್ಳೆ ಮನೆಗೇ ಕೊಟ್ಟಿದ್ದೇನೆ' ಅಂದರು."

ಧಣಿಯ ಮುಗುಳುನಗೆ ಅಲ್ಲಿಯೇ ನಿಂತಿತು.

ಪೇದ್ರು ಲುವೀಜಾಳ ಕಡೆ ತಿರುಗಿದ. "ಕಾಲು ಹತ್ತೋದಿಲ್ಲ ಅಂತ ನಿನಗೆ ಸುಳ್ಳು ಹೇಳಿದೆ ಮಗಳೇ. ಮಾರಿಹೋದ ನನ್ನ ಮಗಳು ನನ್ನನ್ನ ಹುಡುಕಿಕೊಂಡು ಬಂದರೆ ಆ ಮನೆ ಬಾಗಿಲಿಗೇ ಬರಬೇಕಲ್ಲ ಅಂತ ಕಾದೆ. ಕಾದು ಕಾದು ಮುದುಕನಾದೆ. ಇನ್ನು ನಾನೇ ಹುಡುಕಿಕೊಂಡು ಹೋಗ್ತೀನಿ. ಅದಕ್ಕೆ ಮೊದಲು ನಾನು ನನ್ನವನಾಗಬೇಕು."

ಅವನು ಹೆಜ್ಜೆ ಎತ್ತಿಟ್ಟು ಬಂದು ಲುವೀಜಾಳ ಪಕ್ಕ ನಿಂತ. ಅವಳು ಅವನ ಕೈ ಹಿಡಿದುಕೊಂಡಳು.

ಪಲ್ಲಕ್ಕಿ ಹೊರುವವರಲ್ಲಿ ಒಬ್ಬ ಹೆಗಲ ಮೇಲಿನ ಸಿಂಬಿ ಬಟ್ಟೆಯನ್ನು ತೆಗೆದು ಪಲ್ಲಕ್ಕಿಯ ಮೇಲೆಸೆದು ಈ ಕಡೆ ಬಂದ. ಅವನ ಹಿಂದೆ ಇನ್ನೊಬ್ಬ. ಆಮೇಲೆ ಎಲ್ಲರೂ. ಧಣಿಯ ಹಿಂದೆ ಒಬ್ಬರೂ ಉಳಿಯಲಿಲ್ಲ.

ಧಣಿಯ ಮುಖ ಕೆಂಪೇರಿತು. ಆ ಮೆತ್ತಗಿನ ಧ್ವನಿ ಎಲ್ಲಿ ಹೋಯಿತೋ! "ದೊರೆಗಳೇ, ಈ ಮಾತು ಇಲ್ಲಿಗೇ ನಿಲ್ಲಲಿ. ಇಲ್ಲವಾದರೆ ನಿಮ್ಮ ಸೀಮೆಯ ಒಂದು ಕಾಳು ಮೆಣಸನ್ನೂ ನಾನು ಮುಟ್ಟುವುದಿಲ್ಲ. ಕಣಜದಲ್ಲೇ ಹುಳ ಹಿಡಿಯಲಿ!"

ಪಕ್ಕದಲ್ಲಿದ್ದ ಪ್ರಧಾನಿ ಬಗ್ಗಿ ನಾಯಕನ ಕಿವಿಯಲ್ಲಿ ಏನೋ ಉಸುರಿದ. ನಾಯಕ ಒಪ್ಪದೆ ತಲೆಯಾಡಿಸಿದ.

"ಮೆಣಸು ಒಣಗಿಸಿ ಇಟ್ಟರೆ ಇರುತ್ತದೆ. ಮಾತು ತಪ್ಪಿದರೆ ನಾನು ಇರುವುದಿಲ್ಲ. ಧಣಿಗಳೇ, ನಿಮ್ಮ ಕುದುರೆ, ಕನ್ನಡಿ, ವಸ್ತ್ರ ಎಲ್ಲ ತೆಗೆದುಕೊಂಡು ಹೊರಡಿ. ಇವರು ಯಾರೂ ನಿಮ್ಮವರಲ್ಲ."

ಕೇರಿಯವರು ಹೋ ಎಂದು ಕೂಗಿದರು. ಮಕ್ಕಳು ಕುಣಿದರು. ಧಣಿ ಪಲ್ಲಕ್ಕಿಯ ಬಳಿ ಹೋಗಿ ನಿಂತ. ಅದನ್ನು ಹೊರುವವರಿರಲಿಲ್ಲ. ಸ್ವಲ್ಪ ಹೊತ್ತು ಅತ್ತ ಇತ್ತ ನೋಡಿ, ಕೊನೆಗೆ ತನ್ನ ಕೊಡೆಯನ್ನು ತಾನೇ ಎತ್ತಿಕೊಂಡು, ಕುದುರೆಯ ಹಗ್ಗ ಹಿಡಿದು, ಘಟ್ಟದ ದಾರಿಗಿಳಿದ.

ಚಾವಡಿಯಲ್ಲಿ ನಾಯಕನ ಹೊಗಳಿಕೆಯೋ ಹೊಗಳಿಕೆ. "ಧರ್ಮಪ್ರಭು! ನ್ಯಾಯದ ಮೂರ್ತಿ!" ಎಂದರು ಆಸ್ಥಾನದವರು. ನಾಯಕ ಹಿಗ್ಗಿ ಹೀರೆಕಾಯಿಯಾದ.

"ಹೋಗಿ ಬಾ ತಾಯಿ," ಎಂದ ಲುವೀಜಾಳಿಗೆ. "ನಿನ್ನ ಕೇರಿಗೆ ಇನ್ನು ನನ್ನ ಕಾವಲಿದೆ. ಇನ್ನೇನಾದರೂ ಹೇಳುವುದಿದೆಯೇ?"

ಸುಮ್ಮನೆ ಕೈ ಮುಗಿದು ಹೊರಟುಬಿಡಬಹುದಿತ್ತು. ಗೆದ್ದಾಗಿತ್ತು. ಆದರೆ ಲುವೀಜಾಳ ಕಣ್ಣು ನಾಯಕನ ಗಾದಿಯ ಪಕ್ಕಕ್ಕೆ ಹೋಯಿತು. ಅಲ್ಲಿ ಚೌಡ ಎಂಬವನು ಬೆಳಗಿನಿಂದ ಪೀಕದಾನಿ ಹಿಡಿದು ನಿಂತಿದ್ದ. ನಾಯಕ ಎಲೆಯಡಿಕೆ ಉಗುಳಲು ಕತ್ತು ತಿರುಗಿಸಿದಾಗಲೆಲ್ಲ ಮುಂದೆ ಚಾಚುವುದು, ಮತ್ತೆ ಹಿಂದೆ ಸರಿಯುವುದು. ಅವನ ಅಪ್ಪನೂ ಅದೇ ಜಾಗದಲ್ಲಿ ನಿಂತವನು. ಅಂಥವರನ್ನು ಆ ಸೀಮೆಯಲ್ಲಿ ಹುಟ್ಟಾಳು ಎನ್ನುತ್ತಿದ್ದರು. ಹುಟ್ಟಿದ್ದೇ ಆಳಾಗಿ, ಲಾಯದಲ್ಲಿ, ಗದ್ದೆಯಲ್ಲಿ, ಅಡುಗೆಮನೆಯಲ್ಲಿ ಅವರೇ. ಇಷ್ಟೆಲ್ಲ ನಡೆದರೂ ಚೌಡನನ್ನು ಯಾರೂ ನೋಡಿರಲಿಲ್ಲ.

"ಇದೆ ದೊರೆಗಳೇ," ಎಂದಳು ಲುವೀಜಾ. "ಧಣಿಯ ಆಳುಗಳನ್ನ ಕೇಳಿದ ಹಾಗೆಯೇ ನಿಮ್ಮ ಹುಟ್ಟಾಳುಗಳನ್ನೂ ಒಂದು ಸಲ ಕೇಳಿ."

ಆನಮರಿ ಹಿಂದಿನಿಂದ ಅವಳ ಸೆರಗು ಎಳೆದಳು. "ಸಾಕು ಮಗಳೇ, ಗೆದ್ದೆವಲ್ಲ, ಬಾ."

ನಾಯಕನ ಹುಬ್ಬು ಗಂಟಿಕ್ಕಿತು. "ನಾಲಿಗೆ ಉದ್ದವಾಯಿತು! ಆಸರೆ ಕೊಟ್ಟ ಮನೆಗೇ ಎರಡು ಬಗೆಯುತ್ತೀಯಾ? ಇವರು ಹಡಗಿನಲ್ಲಿ ಬಂದವರಲ್ಲ. ನಮ್ಮ ಮನೆಯಲ್ಲೇ ಹುಟ್ಟಿ ಬೆಳೆದವರು. ನಮ್ಮವರು."

ಕಾವಲಿನವರು ಒಂದು ಹೆಜ್ಜೆ ಮುಂದೆ ಬಂದರು. ಲುವೀಜಾಳಿಗೆ ಹೆದರಿಕೆಯಾಗಲಿಲ್ಲವೆಂದಲ್ಲ. ಗೆದ್ದದ್ದೆಲ್ಲ ಒಂದೇ ಮಾತಿಗೆ ಕೈತಪ್ಪಬಹುದೆಂದು ಅವಳಿಗೂ ಗೊತ್ತಿತ್ತು. ಆದರೆ ಇಲ್ಲಿಂದ ಈಗ ಸುಮ್ಮನೆ ಹೋದರೆ ಆ ಪೀಕದಾನಿಯ ಮನುಷ್ಯ ಜೀವನವಿಡೀ ಕಣ್ಣ ಮುಂದೆ ನಿಲ್ಲುತ್ತಾನೆ.

"ಧಣಿಯೂ ನನ್ನನ್ನ ಮಗಳ ಹಾಗೆ ಅಂದರು," ಎಂದಳು. "ಬೇಕಾದರೆ ನನ್ನ ಕೈ ಕಟ್ಟಿ ದೊರೆಗಳೇ. ಆದರೆ ಕೇಳಿ. ನ್ಯಾಯ ಅನ್ನೋದು ಪಕ್ಕದ ಮನೆಯಲ್ಲಿ ಮಾತ್ರ ಹಚ್ಚಿಟ್ಟು ಬರೋ ದೀಪ ಅಲ್ಲ."

ಅವಳ ಮಾತು ಸುಳ್ಳೆಂದು ತೋರಿಸುವ ಹಟದಿಂದಲೇ ನಾಯಕ ಪಕ್ಕಕ್ಕೆ ತಿರುಗಿದ. "ಹೇಳೋ ಚೌಡ! ಎಲ್ಲರ ಎದುರು ಹೇಳು. ನಿನಗೆ ಇಲ್ಲಿ ಏನು ಕಡಿಮೆ?"

ಚೌಡ ತಲೆ ತಗ್ಗಿಸಿದ. "ನಮಗೇನೂ ಕಡಿಮೆಯಿಲ್ಲ ಬುದ್ಧಿ. ಸುಖವಾಗಿದ್ದೇವೆ."

ಅದೇ ಮಾತು. ಅದೇ ಧ್ವನಿ. ಪಲ್ಲಕ್ಕಿಯವರು ಹೇಳಿದ್ದಕ್ಕೂ ಇದಕ್ಕೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಚಾವಡಿಯಲ್ಲಿದ್ದ ಪ್ರತಿಯೊಬ್ಬರಿಗೂ ಅದು ಕೇಳಿಸಿತು. ನಾಯಕನಿಗೂ ಕೇಳಿಸಿತು. ಅವನು ಬಹಳ ಹೊತ್ತು ಚೌಡನನ್ನು ನೋಡಿದ. ಇಷ್ಟು ವರ್ಷದಲ್ಲಿ ಅವನ ಮುಖವನ್ನು ಸರಿಯಾಗಿ ನೋಡಿದ್ದು ಅದೇ ಮೊದಲೇನೋ. ಹಣೆಯ ಮೇಲೊಂದು ಹಳೆಯ ಗಾಯದ ಗುರುತಿತ್ತು. ಅದು ಯಾವಾಗ ಆದದ್ದು? ನಾಯಕನಿಗೆ ಗೊತ್ತಿರಲಿಲ್ಲ.

ನಾಯಕ ಗಾದಿಯಿಂದಿಳಿದ. ಚೌಡನ ಕೈಯಿಂದ ಪೀಕದಾನಿಯನ್ನು ತೆಗೆದುಕೊಂಡ. ಆಸ್ಥಾನದವರು ಹಾ ಎಂದು ಬಾಯಿ ತೆರೆದರು. ನಾಯಕ ಅದನ್ನು ನೆಲದ ಮೇಲೆ ಕುಕ್ಕಿದ.

"ಹೆದರಿ ಹೇಳಿದ ಉತ್ತರ ಉತ್ತರವೇ ಅಲ್ಲ ಅಂತ ನಾನೇ ಅಂದೆ," ಎಂದ. ಧ್ವನಿ ಇಳಿದಿತ್ತು. "ಚೌಡಣ್ಣ, ಹೆದರಿಕೆ ತೆಗೆದು ಕೇಳುತ್ತೇನೆ. ಧಣಿಯ ಆಳುಗಳಿಗೆ ಕೊಟ್ಟ ಮಾತೇ ನಿನಗೂ. ನಿನಗೇನು ಬೇಕು?"

ಚೌಡ ತಲೆಯೆತ್ತಿದ. ಚೌಡಣ್ಣ ಎಂದು ಆ ಬಾಯಿಂದ ಅವನು ಕೇಳಿರಲಿಲ್ಲ. ಏನು ಬೇಕೆಂದು ಯಾವತ್ತೂ ಯೋಚಿಸಿದವನೂ ಅಲ್ಲ. ಕೊನೆಗೆ ಸಣ್ಣ ದನಿಯಲ್ಲಿ ಹೇಳಿದ:

"ನನಗೆ... ಕೂತ್ಕೋಬೇಕು ಬುದ್ಧಿ."

ಅವನ ಅಪ್ಪ ಆ ಚಾವಡಿಯಲ್ಲಿ ಕೂತಿರಲಿಲ್ಲ. ಅಜ್ಜನೂ ಕೂತಿರಲಿಲ್ಲ. ನಾಯಕನ ಕಣ್ಣು ತುಂಬಿತು. "ಕೂತ್ಕೋ" ಎಂದ. ಚೌಡ ಕಂಬಕ್ಕೆ ಒರಗಿ, ಕಾಲು ಚಾಚಿ ಕೂತ. ಅಷ್ಟು ಸುಖದ ನಿಟ್ಟುಸಿರನ್ನು ಆ ಚಾವಡಿ ಕೇಳಿರಲಿಲ್ಲ.

ಅಂದೇ ಹುಲಿಗದ್ದೆ ಸೀಮೆಯಲ್ಲಿ ಡಂಗುರ ಹೊಡೆಸಿದರು: ಇನ್ನು ಈ ಸೀಮೆಯಲ್ಲಿ ಯಾರೂ ಹುಟ್ಟಾಳಲ್ಲ. ಯಾರನ್ನೂ ಕೊಳ್ಳುವಂತಿಲ್ಲ, ಮಾರುವಂತಿಲ್ಲ, ಬಳುವಳಿ ಕೊಡುವಂತಿಲ್ಲ. ಓಡಿ ಬಂದವರನ್ನು ಹಿಡಿದುಕೊಡುವಂತಿಲ್ಲ. ದುಡಿಸಿಕೊಂಡರೆ ಕೂಲಿ, ದುಡಿಯಲಾರೆ ಎಂದರೆ ದಾರಿ ಬಿಡಬೇಕು.

ಎಲ್ಲವೂ ಹೂವಿನ ಸರ ಎತ್ತಿದಷ್ಟು ಸಲೀಸಾಗಿ ನಡೆಯಿತೆಂದುಕೊಳ್ಳಬೇಡಿ. ಆ ವರ್ಷ ಮೆಣಸು ಕಣಜದಲ್ಲೇ ಉಳಿಯಿತು. ಅರಮನೆಯಲ್ಲಿ ಪಟ್ಟೆಯ ಬದಲು ನೂಲಿನ ಬಟ್ಟೆ ಉಟ್ಟರು. ಆಸ್ಥಾನದ ಕೆಲವರು ಸಿಟ್ಟಾಗಿ ಊರು ಬಿಟ್ಟರು. ಹುಟ್ಟಾಳುಗಳಾಗಿದ್ದವರಲ್ಲಿ ಕೆಲವರು ಕಾಡು ಕಡಿದು ಗದ್ದೆ ಮಾಡಿದರು. ಕೆಲವರು ಅದೇ ಲಾಯದಲ್ಲಿ ಕೂಲಿಗೆ ನಿಂತು, ಕೂಲಿ ಸಾಲದೆಂದು ನಾಯಕನ ಜೊತೆ ಜಗಳವಾಡಿದರು. ನಾಯಕ ಗೊಣಗಿದ, ಆದರೆ ಕೇಳಿಸಿಕೊಂಡ. ಮರುವರ್ಷ ಬೇರೆ ಬಂದರಿನ ವ್ಯಾಪಾರಿಗಳು ಮೆಣಸು ಕೇಳಿಕೊಂಡು ಬಂದರು. ಪೇದ್ರು ಮಗಳನ್ನು ಹುಡುಕುತ್ತ ಬಂದರಿನಿಂದ ಬಂದರಿಗೆ ಹೋದ. ಹೋದಲ್ಲೆಲ್ಲ ಹುಲಿಗದ್ದೆಯ ಡಂಗುರದ ಸುದ್ದಿ ಹೇಳಿದ. ಅದನ್ನು ಕೇಳಿ ಎಷ್ಟೋ ಜನ ಘಟ್ಟ ಹತ್ತಿದರು.

ಆದರೆ ಇವೆಲ್ಲ ಆಮೇಲಿನ ಮಾತು. ಆ ದಿನ ಡಂಗುರದ ಸದ್ದು ಊರಿನ ಕೊನೆ ಮುಟ್ಟುವಷ್ಟರಲ್ಲಿ ಲಾಯದಿಂದ, ಗದ್ದೆಯಿಂದ, ಅಡುಗೆಮನೆಯಿಂದ ಜನ ಬಂದು ಚಾವಡಿಯ ಅಂಗಳ ತುಂಬಿದರು. ಕೈಯಲ್ಲಿ ಸೌಟು ಹಿಡಿದವರು, ಕಾಲಿಗೆ ಕೆಸರು ಮೆತ್ತಿದವರು, ನಿಜವೋ ಸುಳ್ಳೋ ಎಂದು ಒಬ್ಬರ ಮುಖ ಒಬ್ಬರು ನೋಡುವವರು. ಆನಮರಿ ಕೋಲು ಎಸೆದು ಡಮಾಮಿಯ ಮುಂದೆ ಕೂತಳು. ಅವಳ ಮೊದಲ ಪೆಟ್ಟಿಗೆ ಸೂರಿನ ಪಾರಿವಾಳಗಳೆಲ್ಲ ಒಮ್ಮೆಲೇ ಮೇಲೆದ್ದವು. ಕೇರಿಯ ಹೆಂಗಸರು ಹಾಡು ಎತ್ತಿದರು. ಸಿದ್ದಿಗಳ ಕುಣಿತ ಗೊತ್ತಿಲ್ಲದ ಊರ ಆಳುಗಳು ತಮಗೆ ಬಂದ ಹಾಗೆ ಕುಣಿದರು. ಹೆಜ್ಜೆ ತಪ್ಪಿದರೆ ಬೈಯುವವರು ಯಾರೂ ಇರಲಿಲ್ಲ.

ಲುವೀಜಾ ನಡುವೆ ನಿಂತು ತಲೆಯೆತ್ತಿ ಹಾಡಿದಳು. ಸಂತೆಗಳಲ್ಲಿ ಕೂಗಿ ಕೂಗಿ ಒಡೆದುಹೋಗಿದ್ದ ಅವಳ ದನಿ ಅಷ್ಟೇನೂ ಇಂಪಾಗಿರಲಿಲ್ಲ. ಆದರೆ ಘಟ್ಟದ ಕೆಳಗಿನ ಕಡಲಿನವರೆಗೂ ಕೇಳುವಷ್ಟು ಗಟ್ಟಿಯಾಗಿತ್ತು.

ನೀತಿ: ಬಿಡುಗಡೆ ಯಾರೋ ಕೊಡುವ ಭಿಕ್ಷೆಯಲ್ಲ, ಹುಟ್ಟಿನಿಂದ ಬಂದ ಹಕ್ಕು. ಒಡೆಯ ಎಷ್ಟೇ ಒಳ್ಳೆಯವನಾದರೂ ಇನ್ನೊಬ್ಬ ಮನುಷ್ಯನಿಗೆ ಒಡೆಯನಾಗಿರುವುದೇ ಅನ್ಯಾಯ. ತನಗೆ ಸಿಕ್ಕ ಬಿಡುಗಡೆಯನ್ನು ಎಲ್ಲರಿಗೂ ಬಯಸುವವನೇ ನಿಜವಾಗಿ ಬಿಡುಗಡೆಯಾದವನು. ತನ್ನ ಮನೆಯೊಳಗಿನ ಅನ್ಯಾಯವನ್ನು ಮೊದಲು ಅಳಿಸುವವನೇ ನಿಜವಾದ ನ್ಯಾಯವಂತ.